ಮರಳುಗಾಡಿನಲ್ಲಿ ಒಂದು ಸಂಜೆ

ವಾಚಕರೆ, ನಿಮ್ಮ ಮಗನೋ ಅಳಿಯನೋ ದುಬಾಯಿಯಲ್ಲಿ ಉದ್ಯೋಗದಲ್ಲಿದ್ದು, ನೀವು ಅವನ ಮನೆಗೆ ಹೋಗಿ ಹದಿನೈದು ದಿನ ಇರುವ ಸಂದರ್ಭ ಒದಗಿತೆಂದು ಇಟ್ಟುಕೊಳ್ಳಿ. ಮುಗಿಲು ಮುಟ್ಟುವ ಕಟ್ಟಡಗಳನ್ನೂ ಅಂಗಡಿಬೀದಿಗಳನ್ನೂ ತೋರಿಸಿದ ಮೇಲೆ ಅವನು ನಿಮ್ಮನ್ನು ತಪ್ಪದೆ ಕರೆದೊಯ್ಯುವ ಜಾಗವೊಂದಿದೆ, ಅದು ಮರಳುಗಾಡು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಮನೆಯ ಬಾಗಿಲಿಗೆ ದೊಡ್ಡದೊಂದು ಮೋಟಾರು ಬರುತ್ತದೆ. ರಾತ್ರಿ ಒಂಬತ್ತು ಒಂಬತ್ತೂವರೆಗೆ ಅದೇ ಮೋಟಾರು ನಿಮ್ಮನ್ನು ತಂದು ಬಿಡುತ್ತದೆ. ಈ ಆರು ಗಂಟೆಗಳ ತಿರುಗಾಟಕ್ಕೆ ಅಲ್ಲಿ ‘ಡೆಸರ್ಟ್ ಸಫಾರಿ’ ಎಂದು ಹೆಸರು. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಮನೆಯಾಕೆಯೂ ಮಗಳ ಮನೆಗೆ ಹೋಗಿದ್ದಾಗ ಇದನ್ನು ಕಂಡು ಬಂದೆವು. ಆ ಸಂಜೆಯಲ್ಲಿ ಮರಳುಗಾಡಿನದೇ ಆದದ್ದು ಯಾವುದು, ಅಲ್ಲಿಗೆ ಹೊರಗಿನಿಂದ ತಂದಿಟ್ಟದ್ದು ಯಾವುದು ಎಂಬುದನ್ನು ತಿಳಿದು ಹೋದರೆ ಕಣ್ಣಿಗೂ ಲಾಭ, ಮೈಗೂ ಕ್ಷೇಮ. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲು ಹೆಸರನ್ನೇ ನೋಡೋಣ. ಕನ್ನಡ ಪಂಡಿತನ ಹಳೆಯ ಚಾಳಿ ಇದು, ಮನ್ನಿಸಬೇಕು. ಅರಬ್ಬಿಯಲ್ಲಿ ‘ಸಫರ್’ ಎಂದರೆ ಪ್ರಯಾಣ. ಅರಬ್ಬೀ ವರ್ತಕರ ಸಂಗಡ ಈ ಮಾತು ಆಫ್ರಿಕದ ಪೂರ್ವ ಕರಾವಳಿಗೆ ಹೋಗಿ ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಆಯಿತು. ಅಲ್ಲಿಗೆ ಬೇಟೆಗೆ ಹೋದ ಇಂಗ್ಲಿಷರ ಬಾಯಿಗೆ ಬಿದ್ದು ಲೋಕವನ್ನೆಲ್ಲ ಸುತ್ತಿತು. ಈಗ ಹುಟ್ಟಿದ ನೆಲಕ್ಕೇ ಪರದೇಶಿಯ ವೇಷ ಹಾಕಿಕೊಂಡು ಬಂದಿದೆ. ನಾವು ದಿನವೂ ಆಡುವ ವಕೀಲ, ತಾರೀಖು, ಬಾಕಿ ಎಂಬ ಮಾತುಗಳೂ ಮೂಲದಲ್ಲಿ ಅರಬ್ಬಿಯವೇ. ಆದುದರಿಂದ ಆ ನಾಡು ನಮಗೆ ಕಿವಿಗಾದರೂ ತೀರ ಅಪರಿಚಿತವಲ್ಲ.

ಪಟ್ಟಣದಿಂದ ಹತ್ತಾ ಎಂಬ ಬೆಟ್ಟದೂರಿಗೆ ಹೋಗುವ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಗಿದರೆ ಲಹ್ಬಾಬ್ ಎಂಬ ಕಡೆ ಮರಳಿನ ಬಣ್ಣವೇ ಬದಲಾಗುತ್ತದೆ. ಕಡಲ ಕಡೆಯ ಮರಳು ಬಿಳಿದು. ಇಲ್ಲಿಯದು ಕಾವಿ ಬಟ್ಟೆಯಂತೆ ಕೆಂಪು. ಪ್ರತಿಯೊಂದು ಹರಳಿನ ಮೇಲೂ ಕಬ್ಬಿಣದ ತುಕ್ಕಿನ ತೆಳು ಲೇಪ ಇರುವುದೇ ಇದಕ್ಕೆ ಕಾರಣ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ಕೆಂಪು ಇನ್ನಷ್ಟು ಗಾಢವಾಗುತ್ತದೆ. ಸಫಾರಿಯವರು ಸಂಜೆಯನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನದ ಬೇಗೆ ಇಳಿಯುವುದು ಇನ್ನೊಂದು. ಒಳ್ಳೆಯ ಕಾಲವೆಂದರೆ ಅಕ್ಟೋಬರಿನಿಂದ ಏಪ್ರಿಲಿನವರೆಗೆ.

ಟಾರು ರಸ್ತೆ ಮುಗಿಯುವಲ್ಲಿ ಮೋಟಾರು ನಿಲ್ಲುತ್ತದೆ. ಚಾಲಕನು ಕೆಳಗಿಳಿದು ನಾಲ್ಕೂ ಗಾಲಿಗಳ ಗಾಳಿಯನ್ನು ಬಿಡತೊಡಗುತ್ತಾನೆ. ಅರಿಯದವರಿಗೆ ಇದು ಗಾಬರಿಯ ನೋಟವೇ. ರಸ್ತೆಯ ಮೇಲೆ ಚದರ ಅಂಗುಲಕ್ಕೆ 35 ಪೌಂಡಿನಷ್ಟಿದ್ದ ಒತ್ತಡವನ್ನು ಆತ 15 ಪೌಂಡಿನ ಆಸುಪಾಸಿಗೆ ಇಳಿಸುತ್ತಾನೆ. ಇದರ ಮರ್ಮವನ್ನು ತಿಳಿಯಲು ಎತ್ತಿನ ಗೊರಸನ್ನೂ ಒಂಟೆಯ ಪಾದವನ್ನೂ ಹೋಲಿಸಿ ನೋಡಿ. ಎತ್ತಿನ ಗೊರಸು ಗಟ್ಟಿ, ಚಿಕ್ಕದು. ಮೈಭಾರವೆಲ್ಲ ಆ ಚಿಕ್ಕ ಜಾಗದ ಮೇಲೆ ಬಿದ್ದು ಮರಳಿನಲ್ಲಿ ಹೂತುಹೋಗುತ್ತದೆ. ಒಂಟೆಯ ಪಾದ ಮೆತ್ತಗಿನ ದಿಂಬಿನಂಥದು. ನೆಲಕ್ಕೆ ಇಟ್ಟೊಡನೆ ಅಗಲವಾಗಿ ಹರಡಿ ಭಾರವನ್ನು ಹಂಚುತ್ತದೆ. ಗಾಳಿ ಇಳಿದ ಟೈರು ಮಾಡುವುದೂ ಇದನ್ನೇ. ಅದು ಚಪ್ಪಟೆಯಾಗಿ, ಉದ್ದನಾಗಿ ಮರಳನ್ನು ಅಪ್ಪುತ್ತದೆ. ಕಬ್ಬಿಣದ ಯಂತ್ರಕ್ಕೆ ಮನುಷ್ಯನು ಒಂಟೆಯಿಂದ ಕಡ ತಂದ ಕಾಲು ಇದು ಎಂದರೂ ಸಲ್ಲುತ್ತದೆ.

ಬಳಿಕ ದಿಣ್ಣೆಗಳ ಮೇಲೆ ಓಟ. ಮರಳ ದಿಣ್ಣೆಗೆ ಎರಡು ಮುಖ. ಗಾಳಿ ಬೀಸುವ ಕಡೆಯ ಇಳಿಜಾರು ನಿಧಾನವಾದದ್ದು. ಅಲ್ಲಿ ಮರಳು ಒತ್ತಿಕೊಂಡು ಸ್ವಲ್ಪ ಗಟ್ಟಿಯಾಗಿರುತ್ತದೆ. ನೆತ್ತಿಯನ್ನು ದಾಟಿದ ಹರಳುಗಳು ಆಚೆಗೆ ಉರುಳಿ ಬೀಳುತ್ತವೆಯಾದ್ದರಿಂದ ಮರೆಯ ಕಡೆಯ ಮುಖ ಕಡಿದಾಗಿಯೂ ಸಡಿಲವಾಗಿಯೂ ಇರುತ್ತದೆ. ಆ ಮುಖದ ಓರೆ ಸುಮಾರು 34 ಡಿಗ್ರಿ. ಒಣಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ಜಾರಿಬಿಡುತ್ತದೆ. ರಾಶಿ ಹಾಕಿದ ರಾಗಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಲಕನ ವಿದ್ಯೆಯೆಲ್ಲ ಈ ಎರಡು ಮುಖಗಳನ್ನು ಗುರುತಿಸುವುದರಲ್ಲಿದೆ. ಏರುವಾಗ ನಡುವೆ ನಿಂತರೆ ಗಾಲಿ ಹೂತುಕೊಳ್ಳುತ್ತದೆ. ಆದುದರಿಂದ ಓಟದ ರಭಸವನ್ನು ಕಳೆದುಕೊಳ್ಳಬಾರದು. ನೆತ್ತಿಯಲ್ಲಿ ಮಾತ್ರ ನಿಧಾನಿಸಬೇಕು, ಏಕೆಂದರೆ ಆಚೆಗೆ ಏನಿದೆಯೋ ಕಾಣದು. ಕಡಿದಾದ ಮುಖದಲ್ಲಿ ನೇರವಾಗಿ ಇಳಿಯಬೇಕು; ಅಡ್ಡಲಾಗಿ ತಿರುಗಿಸಿದರೆ ಗಾಡಿ ಮಗುಚುವ ಭಯವುಂಟು. ಗಾಡಿಯೊಳಗೆ ಛಾವಣಿಯ ಕೆಳಗೆ ಉಕ್ಕಿನ ಪಂಜರ ಕಟ್ಟಿರುವುದು ಅಂಥ ಸಮಯಕ್ಕೇ. ಒಂಟಿ ಗಾಡಿ ಹೋಗುವುದಿಲ್ಲ, ಸಾಲಾಗಿ ಹೋಗುತ್ತವೆ. ಒಂದು ಸಿಕ್ಕಿಬಿದ್ದರೆ ಇನ್ನೊಂದು ಎಳೆಯಬೇಕಷ್ಟೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನನ್ನ ಮನೆಯಾಕೆಗೆ ಐದಾರು ವರ್ಷಗಳಿಂದ ಸೊಂಟನೋವು. ಟಿಕೆಟ್ಟು ಗೊತ್ತುಮಾಡುವಾಗ ಅಳಿಯ ಇದನ್ನು ತಿಳಿಸಿದ್ದ. ಆ ಕಡೆಯಿಂದ ಬಂದ ಉತ್ತರ, “ಏನೂ ಆಗುವುದಿಲ್ಲ, ಎಂಬತ್ತು ವರ್ಷದವರೂ ಬರುತ್ತಾರೆ” ಎಂದು. ನಾವು ನಂಬಿ ಹೊರಟೆವು. ಮೂರನೆಯ ದಿಣ್ಣೆ ಇಳಿಯುವಷ್ಟರಲ್ಲಿ ಆಕೆಯ ಮುಖ ಬಿಳಿಚಿತು; ಹಿಂದಿನ ಆಸನದಲ್ಲಿ ಎತ್ತಿ ಎತ್ತಿ ಹಾಕುವುದು ಹೆಚ್ಚು. ಮಗಳು ಕೂಗಿಕೊಂಡಳು. ಚಾಲಕ ಪೇಶಾವರದ ಕಡೆಯವನು, ನಲವತ್ತು ದಾಟಿದವನು. ಗಾಡಿಯನ್ನು ಗಟ್ಟಿನೆಲಕ್ಕೆ ತಂದು ನಿಲ್ಲಿಸಿ, “ಅಮ್ಮಾಜೀ, ನನಗೆ ಮೊದಲೇ ಏಕೆ ಹೇಳಲಿಲ್ಲ?” ಎಂದು ನೊಂದುಕೊಂಡ. ಟಿಕೆಟ್ಟು ಮಾರಿದವರು ಅವನಿಗೆ ಒಂದಕ್ಷರವನ್ನೂ ತಿಳಿಸಿರಲಿಲ್ಲ! ಆಮೇಲೆ ಆಕೆಯನ್ನು ಮುಂದಿನ ಆಸನದಲ್ಲಿ ಕೂರಿಸಿ, ದಿಣ್ಣೆಗಳನ್ನು ಬಿಟ್ಟು, ಬುಡದ ಜಾಡು ಹಿಡಿದು ಬಿಡಾರಕ್ಕೆ ಮುಟ್ಟಿಸಿದ. ಆದುದರಿಂದ ಬೆನ್ನು, ಕುತ್ತಿಗೆ, ಹೃದಯಗಳ ತೊಂದರೆ ಇರುವವರೂ, ಈಚೆಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರೂ, ಗರ್ಭಿಣಿಯರೂ, ಎಳೆಯ ಮಕ್ಕಳಿರುವವರೂ ಈ ದಿಣ್ಣೆಯೋಟದ ಗೊಡವೆಗೆ ಹೋಗಕೂಡದು. ಓಟವನ್ನು ಬಿಟ್ಟು ನೇರವಾಗಿ ಬಿಡಾರಕ್ಕೆ ಕರೆದೊಯ್ಯುವ ಏರ್ಪಾಡೂ ಉಂಟು. ಅದನ್ನು ಕೇಳಿ ಪಡೆಯಬೇಕು. ಗಾಡಿ ಹತ್ತಿದ ಕೂಡಲೇ ಚಾಲಕನಿಗೆ ನೀವೇ ಬಾಯಿ ಬಿಟ್ಟು ಹೇಳಿ. ಉಳಿದವರೂ ಹೊರಡುವ ಎರಡು ಗಂಟೆ ಮೊದಲು ಮಿತವಾಗಿ ಊಟ ಮಾಡಿ, ಸೊಂಟಪಟ್ಟಿಯನ್ನು ಬಿಗಿದು ಕೂತರೆ ವಾಂತಿಯ ಕಾಟ ಕಡಿಮೆ.

ಸೂರ್ಯ ಮುಳುಗುವಾಗ ಗಾಡಿಗಳನ್ನೆಲ್ಲ ಒಂದು ಎತ್ತರದಲ್ಲಿ ನಿಲ್ಲಿಸುತ್ತಾರೆ. ಯಂತ್ರದ ಸದ್ದು ಅಡಗಿದೊಡನೆ ಕಿವಿಗೆ ಏನೂ ಕೇಳಿಸದಾಗುತ್ತದೆ. ಹಗಲಿನಲ್ಲಿ ದೂರದ ನೆಲ ಕೊಳದ ಹಾಗೆ ಮಿನುಗುತ್ತಿತ್ತಲ್ಲ, ಅದಕ್ಕೆ ನಮ್ಮ ಹಿಂದಿನವರು ‘ಬಿಸಿಲ್ಗುದುರೆ’ ಎಂದು ಹೆಸರಿಟ್ಟರು. ಮರಳುಗಾಡಿಲ್ಲದ ನಾಡಿನವರು ಇಟ್ಟ ಈ ಹೆಸರಿಗಿಂತ ಸೊಗಸಾದದ್ದನ್ನು ನಾನು ಕಾಣೆ. ಬಿಸಿಲು ಹೋದ ಅರ್ಧ ಗಂಟೆಯಲ್ಲಿ ಚಳಿ. ಗಾಳಿಯಲ್ಲಿ ತೇವವೂ ಆಕಾಶದಲ್ಲಿ ಮೋಡವೂ ಇಲ್ಲದುದರಿಂದ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹಾರಿಹೋಗುತ್ತದೆ. ಡಿಸೆಂಬರಿನಲ್ಲಿ ಹೋಗುವವರು ಒಂದು ಶಾಲನ್ನು ಒಯ್ಯಬೇಕು.

ಬಿಡಾರವೆಂದರೆ ಬೇಲಿ ಕಟ್ಟಿದ ಅಂಗಳ, ಸುತ್ತ ಗುಡಾರಗಳು, ನೆಲದ ಮೇಲೆ ಜಮಖಾನ ಮತ್ತು ಒರಗುದಿಂಬು, ನಡುವೆ ಒಂದು ಜಗಲಿ. ಬಾಗಿಲಲ್ಲೇ ಖರ್ಜೂರವನ್ನೂ ‘ಗಹ್ವಾ’ ಎಂಬ ಕಾಫಿಯನ್ನೂ ಕೊಡುತ್ತಾರೆ. ಬೀಜವನ್ನು ಎಳಸಾಗಿ ಹುರಿದು, ಏಲಕ್ಕಿ ಹಾಕಿ ಕಾಸಿದ ಈ ಕಾಫಿಗೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಬಾಬಾಬುಡನ್ ಯಮನ್ ದೇಶದಿಂದ ತಂದರೆಂದು ಪ್ರತೀತಿಯಿರುವ ಏಳು ಬೀಜಗಳು ಚಂದ್ರದ್ರೋಣ ಪರ್ವತದಲ್ಲಿ ಮೊಳೆತವಲ್ಲವೆ? ನಮ್ಮ ಲೋಟದ ಕಾಫಿಯ ಅಜ್ಜಿ ಇವಳು. ಹಿಡಿಯಿಲ್ಲದ ಪುಟ್ಟ ಬಟ್ಟಲು ಬರಿದಾದ ಹಾಗೆಲ್ಲ ಮತ್ತೆ ತುಂಬುತ್ತಾರೆ. ಸಾಕಾದರೆ ಬಟ್ಟಲನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಹಿಂದಿರುಗಿಸಬೇಕು. ಇದು ಮರಳುಗಾಡಿನ ನಿಜವಾದ ಮರ್ಯಾದೆ, ನಾಟಕವಲ್ಲ.

ಒಂಟೆಯ ಸವಾರಿ ಐದು ನಿಮಿಷದ್ದು. ಒಂಟೆ ಏಳುವಾಗ ಮೊದಲು ಹಿಂಗಾಲನ್ನು ಎತ್ತುತ್ತದೆ. ನೀವು ಹಿಂದಕ್ಕೆ ಬಾಗದಿದ್ದರೆ ಅದರ ಕುತ್ತಿಗೆಯ ಮೇಲೆ ಮುಗ್ಗರಿಸುತ್ತೀರಿ. ಅದರ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಗೋರಂಟಿ ಹಾಕುವವರೂ, ಕೈಮೇಲೆ ಡೇಗೆಯನ್ನು ಕೂರಿಸಿ ಚಿತ್ರ ತೆಗೆಸುವವರೂ ಇರುತ್ತಾರೆ. ಡೇಗೆಯಿಂದ ಬೇಟೆಯಾಡಿಸುವುದು ಅಲ್ಲಿ ಒಂದು ಕಾಲಕ್ಕೆ ಮಾಂಸ ಸಂಪಾದಿಸುವ ದಾರಿಯಾಗಿತ್ತು.

ಊಟದ ಹೊತ್ತಿಗೆ ಜಗಲಿಯ ಮೇಲೆ ಕುಣಿತ. ಗಿರ್ರನೆ ತಿರುಗುತ್ತ, ಬಣ್ಣಬಣ್ಣದ ಲಂಗವನ್ನು ಕೊಡೆಯಂತೆ ಅರಳಿಸುವ ‘ತನ್ನೂರಾ’ ನೋಡಲು ಬೆರಗಾಗುವಂಥದು. ಆದರೆ ಅದು ಈಜಿಪ್ಟಿನದು, ಸೂಫಿಗಳ ಸುತ್ತುವ ಧ್ಯಾನದಿಂದ ಬಂದದ್ದು. ಹೆಂಗಸರ ನಡುಕುಣಿತವೂ ಈಜಿಪ್ಟಿನ ಕಡೆಯದೇ. ರಂಜಾನ್ ತಿಂಗಳಲ್ಲಿ ಅದನ್ನು ನಿಲ್ಲಿಸುತ್ತಾರೆ. ಬೆಂಕಿಯಾಟ ಎಲ್ಲಿಯದಾದರೂ ಆಗಬಹುದು. ಕುಣಿಯುವವರು, ಬಡಿಸುವವರು, ಗಾಡಿ ಓಡಿಸುವವರು ಬಹುಮಟ್ಟಿಗೆ ಪರದೇಶದವರು. ಹಾಗಾದರೆ ಆ ನಾಡಿನ ಸ್ವಂತ ಹಾಡುಕುಣಿತ ಯಾವುದು?

ಇದೆ, ಬಿಡಾರದಲ್ಲಿ ಮಾತ್ರ ಅಪರೂಪ. ‘ಅಯಾಲಾ’ ಎಂಬುದು ಗಂಡಸರು ಎರಡು ಸಾಲಾಗಿ ಎದುರುಬದುರು ನಿಂತು, ತೆಳು ಬಿದಿರುಕೋಲನ್ನು ಹಿಡಿದು, ನಡುವೆ ಬಾರಿಸುವ ನಗಾರಿಯ ಲಯಕ್ಕೆ ತಲೆಯನ್ನೂ ಕೋಲನ್ನೂ ಒಟ್ಟಿಗೆ ತೂಗುತ್ತ ಪದ್ಯ ಹೇಳುವ ಆಟ. ಮದುವೆಗಳಲ್ಲಿ, ರಾಷ್ಟ್ರದ ಹಬ್ಬಗಳಲ್ಲಿ ನಡೆಯುತ್ತದೆ. ನಮ್ಮ ಕೋಲಾಟದಂತೆ ಕೋಲಿಗೆ ಕೋಲು ತಾಗುವುದಿಲ್ಲ. ಕೋಲು ಅಲ್ಲಿ ಈಟಿಯ, ಕತ್ತಿಯ ಪ್ರತಿನಿಧಿ. ಯುನೆಸ್ಕೊ ಇದನ್ನು 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು, 2012ರಲ್ಲಿ, ಸೇರಿದ್ದು ‘ತಗ್ರೂದಾ’. ರೇಡಿಯೋ ಕೇಳುವ ನಿಮಗೆ ನಾನು ಮುಖ್ಯವಾಗಿ ತಿಳಿಸಬೇಕೆಂದಿದ್ದುದು ಇದನ್ನೇ, ಏಕೆಂದರೆ ಇದು ಕಿವಿಯ ಕಲೆ. ಒಂಟೆಯ ಮೇಲೆ ದೂರ ಹೋಗುವ ಗುಂಪಿನಲ್ಲಿ ಒಬ್ಬನು ಆ ಕ್ಷಣಕ್ಕೆ ಹೊಳೆದ ಒಂದು ಸಾಲನ್ನು ಎತ್ತುತ್ತಾನೆ, ಇನ್ನೊಂದು ಗುಂಪು ಅದನ್ನು ಹಿಡಿದು ಮರುನುಡಿಯುತ್ತದೆ. ಪದ್ಯ ಏಳು ಸಾಲನ್ನು ಮೀರುವುದಿಲ್ಲ. ವಾದ್ಯವಿಲ್ಲ. ಲಯ ಒಂಟೆಯ ಹೆಜ್ಜೆಯದು. ಹಾಡಿದರೆ ಒಂಟೆಗಳೂ ಹೆಜ್ಜೆ ಕೂಡಿಸಿ ನಡೆಯುತ್ತವೆಂದು ಅವರ ನಂಬಿಕೆ. ನಮ್ಮ ಉತ್ತರ ಭಾಗದ ಕಲ್ಗಿ-ತುರಾಯಿ ಮೇಳಗಳ ಸವಾಲು-ಜವಾಬನ್ನು ಕೇಳಿದವರಿಗೆ ಇದರ ಸ್ವಾರಸ್ಯ ಅರ್ಧ ತಿಳಿದಂತೆಯೇ. ಬಿಡಾರದ ಮೇಲ್ವಿಚಾರಕನನ್ನು ಕೇಳಿದೆ. “ಅದನ್ನು ಯಾರು ಕೇಳುತ್ತಾರೆ, ಸಾರ್?” ಎಂದ. ಅವನು ಹೇಳಿದ್ದು ವ್ಯಾಪಾರದ ಸತ್ಯವಿರಬಹುದು. ನನಗೆ ಮಾತ್ರ ಆ ರಾತ್ರಿಯ ಊಟ ಅಷ್ಟಾಗಿ ರುಚಿಸಲಿಲ್ಲ.

ಈ ಹಾಡನ್ನು ಹುಟ್ಟಿಸಿದ ಬಾಳು ಬಹಳ ಹಿಂದಿನದೇನೂ ಅಲ್ಲ. ‘ಬದು’ಗಳೆಂಬ ಅಲೆಮಾರಿಗಳು ಬಾವಿಯಿಂದ ಬಾವಿಗೆ ಒಂಟೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು, ಅವರಲ್ಲಿ ಕೆಲವರು ಬೇಸಗೆಯಲ್ಲಿ ಕಡಲಿಗಿಳಿದು ಮುತ್ತು ಹೆಕ್ಕುವ ದೋಣಿಗಳಲ್ಲಿ ದುಡಿಯುತ್ತಿದ್ದರು. ಆ ಮುತ್ತಿಗೆ ದೊಡ್ಡ ಪೇಟೆ ನಮ್ಮ ಮುಂಬಯಿ. ಜಪಾನಿನವರು ಮುತ್ತನ್ನು ಬೆಳೆಸಲು ಕಲಿತ ಮೇಲೆ, ಲೋಕಕ್ಕೆಲ್ಲ ತಟ್ಟಿದ ವ್ಯಾಪಾರದ ಕುಸಿತವೂ ಸೇರಿ, 1930ರ ದಶಕದಲ್ಲಿ ಆ ಕಸುಬು ಮುರಿದುಬಿತ್ತು. ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಆ ಭಾಗಕ್ಕೆಂದೇ ಬೇರೆ ನೋಟುಗಳನ್ನು ಹೊರಡಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿದಾಗ ಅವರು ಅದನ್ನು ಕೈಬಿಟ್ಟರು. ದುಬಾಯಿಯ ಕಡಲಿನಲ್ಲಿ ಎಣ್ಣೆ ಸಿಕ್ಕಿದ್ದೂ ಅದೇ 1966ರಲ್ಲಿ. 1971ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಹುಟ್ಟಿತು. ಹೀಗೆ ತಗ್ರೂದಾ ಹಾಡುತ್ತ ಒಂಟೆ ಏರಿದ ಹುಡುಗನೇ ಮುಪ್ಪಿನಲ್ಲಿ ಮೋಟಾರಿನಲ್ಲಿ ಕೂತದ್ದುಂಟು.

ದಿಣ್ಣೆಯೋಟದಿಂದ ಮರಳಿಗೆ ಕೇಡಿಲ್ಲ, ಗಾಳಿ ನಾಳೆಗೆ ಅದನ್ನು ಸಮಮಾಡುತ್ತದೆ; ಮರಳಿನಲ್ಲಿ ಕಷ್ಟಪಟ್ಟು ಬೇರೂರಿದ ಸಸಿಗಳಿಗೆ ಕೇಡು. ಇದಕ್ಕಾಗಿಯೇ ಕೆಲವು ಭಾಗವನ್ನು ಬೇಲಿ ಕಟ್ಟಿ ಕಾಪಾಡುತ್ತಾರೆ. 2003ರಲ್ಲಿ ಏರ್ಪಟ್ಟ ದುಬಾಯಿಯ ರಕ್ಷಿತ ಮರಳುಗಾಡು 225 ಚದರ ಕಿಲೋಮೀಟರಿನದು. 1972ರ ಹೊತ್ತಿಗೆ ಕಾಡಿನಿಂದ ಅಳಿದೇಹೋಗಿದ್ದ ಅರಬ್ಬೀ ಓರಿಕ್ಸ್ ಎಂಬ ಬಿಳಿಯ ಜಿಂಕೆ ಈಗ ಅಲ್ಲಿ ಹಿಂಡುಹಿಂಡಾಗಿ ಮೇಯುತ್ತದೆ. ಓಟದ ಗದ್ದಲ ಬೇಡವೆನ್ನುವವರು ಅಂಥ ಕಡೆ ನಿಧಾನವಾಗಿ ಸುತ್ತಿಸುವ ಏರ್ಪಾಡನ್ನು ಆರಿಸಿಕೊಳ್ಳಬಹುದು, ಹಣ ಹೆಚ್ಚು.

ನಾವು ಹಿಂದಿರುಗುವಾಗ ಟಾರು ರಸ್ತೆಯ ಬದಿಯಲ್ಲಿ ಗಾಡಿ ನಿಂತಿತು. ಬಿಟ್ಟ ಗಾಳಿಯನ್ನು ಮತ್ತೆ ತುಂಬಬೇಕಲ್ಲ. ದೀಪದ ಬೆಳಕಿನಲ್ಲಿ ಸಣ್ಣೆಲೆಯ ಮುಳ್ಳಿನ ಮರವೊಂದು ಕಂಡಿತು. ಅಲ್ಲಿ ಅದಕ್ಕೆ ‘ಗಾಫ್’ ಎನ್ನುತ್ತಾರೆ. ಆ ದೇಶದ ರಾಷ್ಟ್ರವೃಕ್ಷ. ಬಹು ಆಳದ ನೀರನ್ನು ಬೇರಿನಿಂದ ಹೀರಿ, ಎಲ್ಲವೂ ಒಣಗಿದಾಗಲೂ ಹಸುರಾಗಿದ್ದು ಒಂಟೆಗೆ ಮೇವನ್ನೂ ಮನುಷ್ಯನಿಗೆ ನೆರಳನ್ನೂ ಕೊಡುತ್ತದೆ. ರಾಜಸ್ಥಾನದಲ್ಲಿ ಅದೇ ಖೇಜಡಿ. ನಮ್ಮಲ್ಲಿ ಅದೇ ಬನ್ನಿ, ವಿಜಯದಶಮಿಯ ಶಮೀವೃಕ್ಷ. ನಾನು ಹೇಳಿದ್ದೇ ತಡ, ಸೊಂಟ ಹಿಡಿದುಕೊಂಡೇ ಇಳಿದ ನನ್ನ ಮನೆಯಾಕೆ ಅದರ ಬುಡದಲ್ಲಿ ನಿಂತು ಕೈಮುಗಿದು, ಮೂರು ಸುತ್ತು ಬಂದಳು. ಪೇಶಾವರದವನು ಗಾಳಿಯ ಕೊಳವೆ ಹಿಡಿದುಕೊಂಡೇ ಇದೇನೆಂದು ಕೇಳಿದ. ನನ್ನ ಹರಕು ಹಿಂದಿಯಲ್ಲಿ ಪಾಂಡವರು ಆಯುಧಗಳನ್ನು ಈ ಮರದಲ್ಲಿ ಬಚ್ಚಿಟ್ಟ ಕಥೆಯನ್ನು ತೆಗೆದೆ. ಅವರು ವಿರಾಟನ ಊರಿನ ಬಾಗಿಲು ಮುಟ್ಟುವಷ್ಟರಲ್ಲಿ ನಾಲ್ಕನೆಯ ಗಾಲಿಯೂ ತುಂಬಿತು. ಮಿಕ್ಕದ್ದನ್ನು ದಾರಿಯಲ್ಲಿ ಹೇಳಿ ಎಂದು ಅವನು ಬಾಗಿಲು ತೆರೆದ.