ಭಾರತದಲ್ಲಿ ಕಟ್ಟಡ ನಿರ್ವಹಣಾ ಶಿಕ್ಷಣ

ಕಟ್ಟಡ ನಿರ್ವಹಣಾ ಶಿಕ್ಷಣವೆಂದರೆ ಕಟ್ಟಿ ಮುಗಿದ ಕಟ್ಟಡವನ್ನೂ ಅದರೊಳಗಿನ ವಿದ್ಯುತ್, ನೀರು, ಒಳಚರಂಡಿ, ಲಿಫ್ಟ್, ಹವಾನಿಯಂತ್ರಣ, ಅಗ್ನಿಶಾಮಕ ಮೊದಲಾದ ವ್ಯವಸ್ಥೆಗಳನ್ನೂ ಸುಸ್ಥಿತಿಯಲ್ಲಿ ಇರಿಸಿಕೊಳ್ಳಲು ನೀಡುವ ತರಬೇತಿ. ಶುಚಿತ್ವ, ಕಾವಲು, ಇಂಧನ ಬಳಕೆ ಹಾಗೂ ಗುತ್ತಿಗೆಗಳ ಮೇಲ್ವಿಚಾರಣೆಯೂ ಇದರೊಡನೆ ಸೇರಿದಾಗ ಅದನ್ನು ಸೌಲಭ್ಯ ನಿರ್ವಹಣೆ ಅಥವಾ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಎಂದು ಕರೆಯುತ್ತಾರೆ. ಭಾರತದಲ್ಲಿ ಕಟ್ಟುವುದನ್ನು ಕಲಿಸುವ ಕಾಲೇಜುಗಳು ಹಲವು. ಕಟ್ಟಿದ್ದನ್ನು ಕಾಪಾಡುವ ವಿದ್ಯೆಯನ್ನು ಇಡಿಯಾಗಿ ಕಲಿಸುವಂಥವು ಕಡಿಮೆ. ಅದು ಬೇರೆ ಬೇರೆ ವೃತ್ತಿ ತರಬೇತಿಗಳಲ್ಲಿ ಹಂಚಿಹೋಗಿದೆ.

ಹಿನ್ನೆಲೆ

ಕೇಂದ್ರ ಸರ್ಕಾರವು 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದಿನ ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ಈ ಯೋಜನೆಯಡಿಯಲ್ಲೇ ನಡೆಯುತ್ತಿವೆ. 1961ರ ಅಪ್ರೆಂಟಿಸ್ ಕಾಯಿದೆಯು ತರಬೇತಿ ಪಡೆದವರಿಗೆ ಉದ್ಯಮಗಳಲ್ಲಿ ಕೆಲಸ ಮಾಡುತ್ತಲೇ ಕಲಿಯುವ ದಾರಿಯನ್ನು ತೆರೆಯಿತು. ಎಲೆಕ್ಟ್ರಿಷಿಯನ್ ಮತ್ತು ಶೈತ್ಯೀಕರಣ-ಹವಾನಿಯಂತ್ರಣ ತಂತ್ರಜ್ಞ ವಿಭಾಗಗಳು ಎರಡು ವರ್ಷಗಳವು. ಪ್ಲಂಬರ್ ವಿಭಾಗ ಒಂದು ವರ್ಷದ್ದು. ಪಾಲಿಟೆಕ್ನಿಕ್‌ಗಳ ಸಿವಿಲ್ ಮತ್ತು ಎಲೆಕ್ಟ್ರಿಕಲ್ ಡಿಪ್ಲೊಮಾ ಪಡೆದವರು ಸಾಮಾನ್ಯವಾಗಿ ಮೇಲ್ವಿಚಾರಕರಾಗಿ ಈ ಕ್ಷೇತ್ರವನ್ನು ಸೇರುತ್ತಾರೆ.

1970ರಲ್ಲಿ ಮೊದಲು ಪ್ರಕಟವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಪರಿಷ್ಕರಣೆಯಲ್ಲಿ ಆಸ್ತಿ ಮತ್ತು ಸೌಲಭ್ಯ ನಿರ್ವಹಣೆಗೆಂದೇ 12ನೆಯ ಭಾಗವನ್ನು ಮೀಸಲಿಡಲಾಯಿತು. 2018ರಲ್ಲಿ ಐಎಸ್‌ಒ 41001 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂದಿತು.

ಕಲಿಕೆಯ ತಿರುಳು

ಕೆಟ್ಟ ಮೇಲೆ ಸರಿಪಡಿಸುವುದು ದುರಸ್ತಿ; ಕೆಡದಂತೆ ನೋಡಿಕೊಳ್ಳುವುದು ಮುನ್ನೆಚ್ಚರಿಕೆಯ ನಿರ್ವಹಣೆ. ಈ ಶಿಕ್ಷಣದ ಒತ್ತು ಎರಡನೆಯದರ ಮೇಲೆ. ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳದ ಕೆಲಸವಾದುದರಿಂದ, ಖರ್ಚು ಕಡಿತಗೊಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ತಾರಸಿಯ ನೀರುಕೊಳವೆಯ ಬಾಯಿಗೆ ಒಣಗಿದ ಎಲೆ ಸಿಕ್ಕಿಕೊಳ್ಳುವುದು ಅತಿ ಸಣ್ಣ ಸಂಗತಿ. ಅದನ್ನು ಮಳೆಗಾಲಕ್ಕೆ ಮುನ್ನ ತೆಗೆಯದಿದ್ದರೆ ನೀರು ನಿಂತು, ಕಾಂಕ್ರೀಟಿನ ಸಣ್ಣ ಬಿರುಕುಗಳಲ್ಲಿ ಇಳಿದು, ಒಳಗಿನ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆ ಒತ್ತಡಕ್ಕೆ ಛಾವಣಿಯ ತಳದ ಕಾಂಕ್ರೀಟು ಹೆಕ್ಕಳಿಕೆಯಾಗಿ ಉದುರತೊಡಗುತ್ತದೆ. ಅದೇ ನೀರು ಗೋಡೆಯೊಳಗಿನ ವೈರುಗಳ ಕೊಳವೆಗೆ ಇಳಿದರೆ ವಿದ್ಯುತ್ ಸೋರಿಕೆಯಾಗಬಹುದು. ಆಗ ಎಲೆಕ್ಟ್ರಿಷಿಯನ್ನನಿಗೆ ಕಾಣುವ ದೋಷದ ಮೂಲ ತಾರಸಿಯ ಮೇಲಿರುತ್ತದೆ. ಒಂದೇ ವೃತ್ತಿಯನ್ನು ಕಲಿತವನಿಗೆ ಈ ನಂಟು ಸುಲಭವಾಗಿ ಹೊಳೆಯದು. ಕಟ್ಟಡವನ್ನು ಒಟ್ಟಾಗಿ ನೋಡುವ ಪಾಠ ಬೇಕಾಗುವುದು ಇಂಥಲ್ಲಿಯೇ.

ಭೂಸಂಪರ್ಕ, ಅಂದರೆ ಅರ್ತಿಂಗ್, ಇನ್ನೊಂದು ಉದಾಹರಣೆ. ಇದ್ದಿಲು ಮತ್ತು ಉಪ್ಪು ತುಂಬಿದ ಹಳೆಯ ಮಾದರಿಯ ಅರ್ತಿಂಗ್ ಗುಂಡಿಯು ಬೇಸಿಗೆಯಲ್ಲಿ ಒಣಗಿದರೆ ಅದರ ರೋಧ ಏರುತ್ತದೆ. ದೀಪ, ಫ್ಯಾನುಗಳು ಎಂದಿನಂತೆಯೇ ನಡೆಯುವುದರಿಂದ ಅಪಾಯದ ಸುಳಿವು ಸಿಗುವುದಿಲ್ಲ. ಗುಂಡಿಗೆ ನೀರು ಹಾಕುವುದು, ಅರ್ಥ್ ಟೆಸ್ಟರಿನಿಂದ ರೋಧವನ್ನು ಅಳೆಯುವುದು, ಅಳತೆಯನ್ನು ದಿನಾಂಕಸಹಿತ ದಾಖಲೆ ಪುಸ್ತಕದಲ್ಲಿ ಬರೆಯುವುದು ಈ ಪಾಠದ ಭಾಗಗಳು. ಹಿಂದಿನ ವರ್ಷದ ಅಳತೆ ಇಲ್ಲದಿದ್ದರೆ ಈ ವರ್ಷದ ಅಳತೆಗೆ ಅರ್ಧ ಬೆಲೆಯಷ್ಟೇ.

ಸುರಕ್ಷತೆ

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 9 ಮಂದಿ ಮೃತಪಟ್ಟರು. ದಟ್ಟ ಹೊಗೆ ತುಂಬಿ ಮೇಲಿನ ಮಹಡಿಗಳಲ್ಲಿದ್ದವರು ಸಿಕ್ಕಿಬಿದ್ದರು. ಕೆಲವರು ಕಿಟಕಿಗಳಿಂದ ಹಾರಿದರು. ವಿದ್ಯುತ್ ತಂತಿಗಳು ಸಾಗುವ ನಾಳಗಳು ಮಹಡಿಯಿಂದ ಮಹಡಿಗೆ ಹೊಗೆಯನ್ನು ಒಯ್ಯದಂತೆ ಮುಚ್ಚುವುದು, ತುರ್ತು ದಾರಿಗಳಲ್ಲಿ ಸಾಮಾನು ಪೇರಿಸದಿರುವುದು, ಬಾಗಿಲುಗಳಿಗೆ ಬೀಗ ಹಾಕದಿರುವುದು ನಿರ್ವಹಣಾ ಸಿಬ್ಬಂದಿಯ ನಿತ್ಯದ ತಪಾಸಣೆಗೆ ಸೇರಿದ ವಿಷಯಗಳು.

ಸಂಪು ಮತ್ತು ಮಲಗುಂಡಿಗಳ ಪಾಠವೂ ಜೀವಕ್ಕೆ ಸಂಬಂಧಿಸಿದ್ದು. ಬಹುಕಾಲ ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಮಲಗುಂಡಿಯಲ್ಲಿ ವಿಷಾನಿಲ ಇರುತ್ತದೆ. ಒಳಗೆ ಕುಸಿದವನನ್ನು ಎತ್ತಲು ಹಾಗೆಯೇ ಇಳಿದ ಎರಡನೆಯವನೂ ಸಾಯುವುದುಂಟು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಮತ್ತು ಮಲಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಆದೇಶ ಕೊಡುವ ಮೇಲ್ವಿಚಾರಕನಿಗೆ ಈ ಪಾಠ ಇಳಿಯುವವನಿಗಿಂತಲೂ ಹೆಚ್ಚು ಅಗತ್ಯ.

ಪರವಾನಗಿ

ಪ್ರಮಾಣಪತ್ರವೊಂದೇ ಎಲ್ಲ ಕೆಲಸಕ್ಕೂ ಸಾಲದು. ಕರ್ನಾಟಕದಲ್ಲಿ ವಿದ್ಯುತ್ ಅಳವಡಿಕೆಯ ಕೆಲಸ ಮಾಡುವವರು ವೈರ್‌ಮನ್ ಅಥವಾ ಮೇಲ್ವಿಚಾರಕರ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಲಿಫ್ಟುಗಳಿಗೆ 2012ರ ರಾಜ್ಯ ಕಾಯಿದೆ ಅನ್ವಯಿಸುತ್ತದೆ.