ಚೆಂಡಿನ ಬೆಲೆ ಎಷ್ಟು ಸೆಕೆಂಡು?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನಾಗ ಚಿಕ್ಕೋಡಿ ಭಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ದೈಹಿಕ ಶಿಕ್ಷಕರು ರಜೆಯ ಮೇಲಿದ್ದರು. ಎರಡೇ ದಿನದಲ್ಲಿ ಫುಟ್‌ಬಾಲ್ ತಂಡದ ಹೆಸರು ಕಳಿಸಬೇಕಿತ್ತು. ಸೀಟಿ ನನ್ನ ಕೈಗೆ ಬಂತು. ನಾನು ಮಾಡಿದ್ದು ಇಷ್ಟೆ: ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ ನೋಡಿದೆ. ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಸಿದೆ. ಮೊದಲು ಮುಟ್ಟಿದವರ ಹೆಸರು ಬರೆದುಕೊಂಡೆ.

ಅವರಲ್ಲಿ ಒಬ್ಬ ಸಣ್ಣ ಹುಡುಗನಿದ್ದ. ಚೆಂಡು ಅವನ ಕಾಲಿಗೆ ದಾರ ಕಟ್ಟಿದಂತೆ ಓಡಾಡುತ್ತಿತ್ತು. ಓಟದಲ್ಲಿ ಮಾತ್ರ ಕೊನೆಯಿಂದ ಮೂರನೆಯವ. "ಸರ್ರ, ನನ್ನ ಹೆಸರ ಬರ್ದಿಲ್ರಿ?" ಎಂದು ಕೇಳಿದ. "ಮುಂದಿನ ವರ್ಷ ನೋಡೋಣು ತಮ್ಮಾ, ಮೊದಲ ಒಂದೀಟು ಎತ್ತರಾಗು" ಎಂದೆ. ಮುಂದಿನ ವರ್ಷ ಅವನು ಮೈದಾನಕ್ಕೇ ಬರಲಿಲ್ಲ. ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ನನಗಿಂತ ನಾಲ್ಕು ಬೆರಳು ಎತ್ತರವಾಗಿದ್ದ. ಅವನಿಗೆ ಎತ್ತರ ಬಂತು, ಆಟ ಹೋಗಿತ್ತು.

ಯಾವುದನ್ನು ಅಳೆಯಬೇಕೋ ಅದಕ್ಕೆ ತಕ್ಕ ಸಾಧನವನ್ನೇ ಬಳಸಬೇಕೆಂದು ವರ್ಗದಲ್ಲಿ ಪಾಠ ಹೇಳುವವನು ನಾನು. ಮೈದಾನದಲ್ಲಿ ಮಾತ್ರ ತಕ್ಕಡಿಯಿಂದ ಜ್ವರ ಅಳೆದಿದ್ದೆ. ಮಕ್ಕಳ ಆಟದ ಕೌಶಲವನ್ನು ಅಳೆಯುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡದ್ದು ಆ ತಪ್ಪಿನ ನಂತರ.

ಗಡಿನಾಡಿನ ಚೆಂಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮೊದಲ ಮಾನ ಕುಸ್ತಿಗೆ. ಆಮೇಲೆ ಕಬಡ್ಡಿ, ಖೋ-ಖೋ. ಸಂಜೆಯ ಬಯಲೆಲ್ಲ ಕ್ರಿಕೆಟ್ಟಿನದು. ಆದರೆ ನಿಪ್ಪಾಣಿಯಿಂದ 40 ಕಿಲೋಮೀಟರ್ ಆಸುಪಾಸಿನಲ್ಲಿರುವ ಕೊಲ್ಹಾಪುರದಲ್ಲಿ ಫುಟ್‌ಬಾಲ್ ಹುಚ್ಚು ದೊಡ್ಡದು. ಪೈಲವಾನರ ತಾಲೀಮುಗಳ ಹೆಸರಿನಲ್ಲೇ ಅಲ್ಲಿ ತಂಡಗಳಿವೆ: ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು, ಖಂಡೋಬಾ ತಾಲೀಮು. ಶಾಹು ಸ್ಟೇಡಿಯಮ್ಮಿನಲ್ಲಿ ಈ ತಂಡಗಳು ಎದುರಾದರೆ ಊರೇ ಎರಡು ಪಾಲು. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ನಮ್ಮ ದೇಶದ ಅಂಗಿ ತೊಟ್ಟು ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ.

ಇತ್ತ ನಮ್ಮ ರಾಜ್ಯದ ಕಥೆಯೂ ಸಣ್ಣದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ, ಮತ್ತೆ ಅದನ್ನು ಎತ್ತಿದ್ದು 2023ರ ಮಾರ್ಚಿನಲ್ಲಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ನಮ್ಮ ಹಳ್ಳಿಯ ಹುಡುಗ ಹುಡುಗಿಯರು ಇಂಥ ಕನಸು ಕಂಡರೆ ತಪ್ಪಿಲ್ಲ. ಆದರೆ ತರಬೇತುದಾರರು ಊರೂರಿಗೆ ಸಿಗುವುದಿಲ್ಲ. ಆ ಜಾಗ ತುಂಬಬೇಕಾದವರು ಮಾಸ್ತರರು, ಅಪ್ಪ-ಅವ್ವ, ಕಾಲೇಜಿಗೆ ಹೋಗುವ ಅಣ್ಣ-ಅಕ್ಕ. ಅದಕ್ಕೆ ಬೇಕಾದದ್ದು ಒಂದು ಟೇಪು, ಮೊಬೈಲಿನಲ್ಲಿರುವ ಸ್ಟಾಪ್‌ವಾಚು, ನೂರು ಹಾಳೆಯ ಒಂದು ನೋಟ್‌ಬುಕ್ಕು.

ಒಂದೇ ವರ್ಗ, ಬೇರೆ ವಯಸ್ಸು

ಅಳೆಯುವ ಮೊದಲು ಪಾಲಕರು ಒಂದು ಸಂಗತಿ ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನ ತಲೆಮಾರಿನವರಲ್ಲಿ ಅರ್ಧ ಊರೇ ಒಂದೇ ದಿನ ಹುಟ್ಟಿದ ಲೆಕ್ಕ! ಕಾಗದದ ಮೇಲೆ ಎಲ್ಲರೂ ಸಮವಯಸ್ಕರು. ದೇಹಕ್ಕೆ ಆ ಕಾಗದ ಗೊತ್ತಿಲ್ಲ.

14 ವರ್ಷದೊಳಗಿನವರ ತಂಡದಲ್ಲಿ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಜೊತೆಗೆ ನಿಲ್ಲುತ್ತಾರೆ. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಒಂದು ಗೇಣು. 1985ರಲ್ಲಿ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿ ನೋಡಿದರು. ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಯುರೋಪಿನ ಕಿರಿಯರ ಫುಟ್‌ಬಾಲ್ ತಂಡಗಳಲ್ಲೂ ಮುಂದೆ ಇದೇ ಕಂಡಿತು. ಆರಿಸುವವರು ಪ್ರತಿಭೆ ಎಂದುಕೊಂಡದ್ದು ಎಷ್ಟೋ ಸಲ ಬರೀ ಹೆಚ್ಚಿನ ಕೆಲವು ತಿಂಗಳು.

ಹುಟ್ಟಿದ ದಿನ ಒಂದೇ ಆಗಿದ್ದರೂ ಬೆಳವಣಿಗೆ ಒಂದೇ ಅಲ್ಲ. ಹುಡುಗಿಯರು ಸಾಮಾನ್ಯವಾಗಿ 11-12ರ ಸುಮಾರಿಗೆ, ಹುಡುಗರು 13-14ರ ಸುಮಾರಿಗೆ ಜೋರಾಗಿ ಎತ್ತರವಾಗುತ್ತಾರೆ; ಕೆಲವರು ಮುಂಚೆ, ಕೆಲವರು ತಡವಾಗಿ. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು ಹದಿನಾರರ ಹೊತ್ತಿಗೆ ಒಂದು ಕ್ಲಬ್ಬು ತೀರ ಸಣ್ಣವನೆಂದು ಕೈಬಿಟ್ಟಿತು. ಅವನು ಕಾರ್ಖಾನೆಯಲ್ಲಿ ದುಡಿಯುತ್ತ ಸಣ್ಣ ತಂಡಗಳಲ್ಲಿ ಆಡಿಕೊಂಡಿದ್ದ. 2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಆ ತಂಡದ ಮುಖ್ಯ ಗೋಲುಗಾರ ಅವನೇ. ಅವನು ಆಟ ಬಿಡಲಿಲ್ಲ. ನನ್ನ ಹುಡುಗ ಬಿಟ್ಟ.

ನಾಲ್ಕು ಅಳತೆಗಳು

ಮೊದಲು ಚೆಂಡು ಸರಿಯಿರಲಿ. 8ರಿಂದ 12 ವರ್ಷದವರಿಗೆ 4ನೇ ನಂಬರಿನ ಚೆಂಡು, ಆಮೇಲೆ 5ನೇ ನಂಬರಿನದು. 5ನೇ ನಂಬರಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಗಾಳಿ ಕಡಿಮೆಯಿದ್ದ ಚೆಂಡು ಗೋಡೆಗೆ ಬಡಿದು ಸೋಮಾರಿಯಾಗಿ ಮರಳುತ್ತದೆ. ಅಂಕ ಚೆಂಡಿನದಾಗುತ್ತದೆ, ಹುಡುಗನದಲ್ಲ.

ಒಂದು, ಗೋಡೆ. ಶಾಲೆಯ ಗಟ್ಟಿ ಗೋಡೆಯಿಂದ 9 ಅಡಿ ದೂರದಲ್ಲಿ ಸುಣ್ಣದ ಗೆರೆ ಎಳೆಯಿರಿ. ಗೆರೆಯ ಹಿಂದಿನಿಂದಲೇ ಚೆಂಡನ್ನು ಗೋಡೆಗೆ ಒದೆಯಬೇಕು, ಮರಳಿದ್ದನ್ನು ಮತ್ತೆ ಒದೆಯಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ? ಇದು 1951ರ ಮ್ಯಾಕ್‌ಡೊನಾಲ್ಡ್ ಪರೀಕ್ಷೆ. ದೈಹಿಕ ಶಿಕ್ಷಣ ಓದಿದ ಮಾಸ್ತರರಿಗೆ ಪರಿಚಿತವಾದದ್ದು. ನಾನು ಇದಕ್ಕೆ ಒಂದು ಸೇರಿಸುತ್ತೇನೆ: ಬಲಗಾಲಿನಿಂದ ಒಂದು ಸಲ, ಎಡಗಾಲಿನಿಂದ ಒಂದು ಸಲ. ಬಲಗಾಲಿಗೆ 20, ಎಡಗಾಲಿಗೆ 8 ಬಂದರೆ ಮುಂದಿನ ತಿಂಗಳ ಅಭ್ಯಾಸ ಏನೆಂದು ಬೇರೆ ಹೇಳಬೇಕಿಲ್ಲ.

ಎರಡು, ಚೆಂಡಿನ ಬೆಲೆ. ಎರಡೆರಡು ಮೀಟರಿಗೆ ಒಂದರಂತೆ ಐದು ಇಟ್ಟಂಗಿ ಇಡಿ. ಅವುಗಳ ನಡುವೆ ಹಾವಿನಂತೆ ಹೋಗಿ ಬರಬೇಕು. ಮೊದಲು ಚೆಂಡಿಲ್ಲದೆ, ಆಮೇಲೆ ಚೆಂಡಿನೊಂದಿಗೆ. ಎರಡನೆಯ ಸಮಯದಲ್ಲಿ ಮೊದಲನೆಯದನ್ನು ಕಳೆಯಿರಿ. ಉಳಿದದ್ದೇ ಚೆಂಡಿನ ಬೆಲೆ. ಉದಾಹರಣೆಗೆ, ಎತ್ತರದ ಹುಡುಗ ಚೆಂಡಿಲ್ಲದೆ 8.0, ಚೆಂಡಿನೊಂದಿಗೆ 12.2 ಸೆಕೆಂಡು ತೆಗೆದುಕೊಂಡನೆನ್ನಿ. ಸಣ್ಣವನದು 9.4 ಮತ್ತು 12.4. ಚೆಂಡಿನೊಂದಿಗಿನ ಸಮಯವನ್ನಷ್ಟೇ ನೋಡಿದರೆ ಎತ್ತರದವನೇ ಮುಂದೆ. ಕಳೆದು ನೋಡಿ: ಚೆಂಡು ಅವನಿಂದ 4.2 ಸೆಕೆಂಡು ಕಿತ್ತುಕೊಂಡಿತು, ಸಣ್ಣವನಿಂದ 3.0 ಮಾತ್ರ. ಕಾಲಿನ ಉದ್ದ ವಯಸ್ಸು ಕೊಡುವುದು. ಅದು ನಾಳೆ ಸಣ್ಣವನಿಗೂ ಬರಬಹುದು. ಚೆಂಡಿನ ಮೇಲಿನ ಹಿಡಿತ ಅವನು ದುಡಿದು ಗಳಿಸಿದ್ದು. ಅಂದು ನನಗೆ ಹೊಳೆಯದೇ ಹೋದದ್ದು ಈ ಒಂದು ಕಳೆಯುವ ಲೆಕ್ಕ.

ಮೂರು, ಗುರಿ. ಎರಡು ಪಾಟೀಚೀಲಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟು, 10 ಮೀಟರ್ ದೂರದಿಂದ ನೆಲದ ಮೇಲೆ ಚೆಂಡು ಉರುಳಿಸಿ ಅವುಗಳ ನಡುವೆ ಕಳಿಸಬೇಕು. ಪ್ರತಿ ಕಾಲಿಗೆ ಹತ್ತು ಸಲ.

ನಾಲ್ಕು, ಕಣ್ಣು. ಇದು ಪಾಲಕರಿಗೆ ಕೊಟ್ಟ ಕೆಲಸ. ನಾಲ್ಕು ಮಂದಿಗೆ ನಾಲ್ಕು ಮಂದಿಯ ಸಣ್ಣ ಆಟ ಇಡಿಸಿ. ಹನ್ನೊಂದರ ಆಟಕ್ಕಿಂತ ಇಲ್ಲಿ ಪ್ರತಿ ಮಗುವಿಗೂ ಚೆಂಡು ಹೆಚ್ಚು ಸಿಗುತ್ತದೆ. ಐದು ನಿಮಿಷ ನಿಮ್ಮ ಮಗುವನ್ನಷ್ಟೇ ನೋಡಿ ಗೀಟು ಹಾಕಿ. ಚೆಂಡು ಎಷ್ಟು ಸಲ ಬಂತು? ನಮ್ಮವರಿಗೆ ಮುಟ್ಟಿದ್ದೆಷ್ಟು? ಕಳಕೊಂಡದ್ದೆಷ್ಟು? ಮುಖ್ಯವಾಗಿ, ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಸುತ್ತ ನೋಡಿದ್ದು ಎಷ್ಟು ಸಲ? ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕರು ದೊಡ್ಡ ಆಟಗಾರರ ಈ ಅಭ್ಯಾಸವನ್ನೇ ವಿಡಿಯೋ ಹಿಡಿದು ಎಣಿಸಿದವರು. ಸ್ಪೇನಿನ ಶಾವಿ ಇದಕ್ಕೆ ಹೆಸರಾದ ಆಟಗಾರ. ನೋಡುವುದಕ್ಕೆ ಎತ್ತರವೂ ಬೇಡ, ಬೂಟೂ ಬೇಡ.

ಅಳತೆಯೂ ತಪ್ಪುತ್ತದೆ

ವಿಜ್ಞಾನದ ಮಾಸ್ತರನಾಗಿ ಒಂದು ಎಚ್ಚರಿಕೆ. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸುಮಾರು 0.2 ಸೆಕೆಂಡು ಬೇಕು. ಅಥ್ಲೆಟಿಕ್ಸಿನಲ್ಲಿ 100 ಮೀಟರ್ ಓಟದ ಕೈಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವ ರೂಢಿಯಿರುವುದು ಇದಕ್ಕೇ. ಮೇಲಿನ ಉದಾಹರಣೆಯ 12.2 ಮತ್ತು 12.4ರ ನಡುವಿನ ವ್ಯತ್ಯಾಸ ನಿಮ್ಮ ಬೆರಳಿನದೂ ಆಗಿರಬಹುದು. ಮೂರು ಸಲ ಓಡಿಸಿ, ನಡುವಿನ ಸಮಯ ಬರೆಯಿರಿ. ಅರ್ಧ ಸೆಕೆಂಡಿಗಿಂತ ಕಡಿಮೆ ಬದಲಾವಣೆಗೆ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ.

ಗುರಿಯ ಲೆಕ್ಕವೂ ಹಾಗೆಯೇ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಸರಿಯಾಗಿ ಐದೇ ಸಲ ತಲೆ ಬೀಳುವುದಿಲ್ಲ. ಗಣಿತದ ಪ್ರಕಾರ ಇಂಥ ನೂರು ಸರದಿಗಳಲ್ಲಿ ಸುಮಾರು 89ರಲ್ಲಿ ಅದು 3ರಿಂದ 7ರ ನಡುವೆ ಇರುತ್ತದೆ. ಹತ್ತಕ್ಕೆ ಐದು ಗುರಿ ಮುಟ್ಟುವ ಹುಡುಗಿಗೆ ಈ ತಿಂಗಳು ನಾಲ್ಕು ಬಂದರೆ ಅವಳ ಆಟ ಕೆಟ್ಟಿತೆಂದು ಅರ್ಥವಲ್ಲ. ಮೂರು ನಾಲ್ಕು ತಿಂಗಳು ಒಂದೇ ದಿಕ್ಕಿಗೆ ಸಾಗಿದರೆ ಮಾತ್ರ ಅದು ಸುದ್ದಿ.

ಅಳೆಯುವ ಜಾಗ, ಹೊತ್ತು, ಚೆಂಡು ಬದಲಾಗಬಾರದು. ನಮ್ಮ ಎರೆಮಣ್ಣಿನ ಬಯಲು ಮಳೆಗಾಲದಲ್ಲಿ ಚೆಂಡನ್ನು ಹಿಡಿದು ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕಿ ಪುಟಿಸುತ್ತದೆ. ಜುಲೈ ಅಂಕಕ್ಕೂ ಏಪ್ರಿಲ್ ಅಂಕಕ್ಕೂ ಜಗಳ ಹಚ್ಚಬೇಡಿ.

ನೋಟ್‌ಬುಕ್ಕು ಯಾರದು?

ನೋಟ್‌ಬುಕ್ಕು ಮಗುವಿನದು. ತಿಂಗಳಿಗೆ ಒಮ್ಮೆ ಅಳೆದರೆ ಸಾಕು; ಉಳಿದ ದಿನ ಆಟ. ಅಂಕಗಳನ್ನು ಎಲ್ಲರೆದುರು ಓದಬೇಡಿ, ಒಂದು ಎರಡು ಎಂದು ನಂಬರು ಹಚ್ಚಬೇಡಿ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದು ಬೇಡ. ಹೋಲಿಕೆ ಅದೇ ಮಗುವಿನ ಹೋದ ತಿಂಗಳಿನ ಜೊತೆ. ಮಗುವೇ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯಲಿ. "ಆಟದಾಗ ಅಭ್ಯಾಸ ಹಾಳಾಗ್ತದರಿ ಸರ್" ಎನ್ನುವ ಪಾಲಕರಿಗೆ ನಾನು ಈ ಗ್ರಾಫನ್ನೇ ತೋರಿಸುತ್ತೇನೆ. ಸರಾಸರಿ, ದೋಷ, ವ್ಯವಕಲನ ಎಲ್ಲ ಅದರಲ್ಲೇ ಇವೆ.

ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗೀಟು ಹಾಕಿ, ಅದನ್ನೂ ಬರೆದಿಡಿ. ಜೋರಾಗಿ ಬೆಳೆಯುವ ವರ್ಷದಲ್ಲಿ ಮಗು 8ರಿಂದ 10 ಸೆಂ.ಮೀ. ಏರಬಹುದು. ಆಗ ಕೈಕಾಲು ಹೊಸದಾದಂತೆ ತಡವರಿಸಿ, ಅಂಕಗಳು ಕೆಲವು ತಿಂಗಳು ಇಳಿಯಬಹುದು. ಅದು ಮೈಗಳ್ಳತನವಲ್ಲ. ಬಯ್ಯಬೇಡಿ, ಕಾಯಿರಿ. ಈ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವು ಎಂದರೆ ನೆಪವೆಂದು ತಳ್ಳದೆ ವಿಶ್ರಾಂತಿ ಕೊಡಿ, ವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮಗೊಂದು ಮಾತು. ತಂಡದ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಆ ದಿನದ ಅಳತೆ ಮುಗಿಯಿತು, ಅಷ್ಟೆ. ಪಟ್ಟಿ ಬರೆದವರ ಕೈಯಲ್ಲಿ ನನ್ನಂಥವನ ತಕ್ಕಡಿಯೂ ಇದ್ದಿರಬಹುದು. ಗೋಡೆ ಅಲ್ಲೇ ಇದೆ, ಸುಣ್ಣದ ಗೆರೆ ಅಲ್ಲೇ ಇದೆ. ನಿಮ್ಮ ಎಡಗಾಲಿನ ಎಂಟು ಹತ್ತಾಯಿತೇ ಎಂದು ನೋಡಿಕೊಳ್ಳಿ.

ಈಗಲೂ ಆಯ್ಕೆಯ ದಿನ ಸೀಟಿ ಒಮ್ಮೊಮ್ಮೆ ನನ್ನ ಕೈಗೆ ಬರುತ್ತದೆ. ಎಲ್ಲರನ್ನೂ ಎರಡು ಸಲ ಓಡಿಸುತ್ತೇನೆ. ಚೆಂಡಿಲ್ಲದೆ ಒಮ್ಮೆ, ಚೆಂಡಿನೊಂದಿಗೆ ಒಮ್ಮೆ. ಆಮೇಲೆ ನೆಲದ ಮೇಲೆ ಕುಳಿತು, ಕಳೆದು ನೋಡಿ, ಹೆಸರು ಬರೆಯುತ್ತೇನೆ.