ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸುವ ಮೊದಲು ಸೈಲೆನ್ಸರ್ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮಳೆ ನಂಬಿದ ಹೊಲಗಳೇ ಹೆಚ್ಚು. ಮಳೆ ಬಿದ್ದು ಹೊಲ ಹದಕ್ಕೆ ಬಂದರೆ ಮೆಕ್ಕೆಜೋಳ, ಶೇಂಗಾ ಬಿತ್ತೋಕೆ ಸಿಗುವುದು ಕೆಲವೇ ದಿನ. ಬೇಸಿಗೆಯೆಲ್ಲ ಶೆಡ್ಡಿನಲ್ಲಿ ನಿಂತಿದ್ದ ಹಳೇ ಮಹೀಂದ್ರಾ, ಮ್ಯಾಸಿ, ಸ್ವರಾಜ್, ಎಚ್‌ಎಂಟಿ ಗಾಡಿಗಳು ಮೊಂಡು ಹಿಡಿಯುವುದೂ ಆಗಲೇ. ಬಾಡಿಗೆ ಗಾಡಿಗೆ ಪಾಳಿ ಕಾಯುವಷ್ಟರಲ್ಲಿ ಹದ ಹೋಗುತ್ತದೆ. ಆ ಅವಸರದಲ್ಲಿ ಹೊಸ ಬ್ಯಾಟರಿ ತರುವುದು, ಡೀಸೆಲ್ ಪಂಪ್ ಬಿಚ್ಚಿಸುವುದು ನಡೆಯುತ್ತದೆ. ಕೊನೆಗೆ ನೋಡಿದರೆ ಎಷ್ಟೋ ಸಲ ತಪ್ಪು ಒಂದು ತಾಮ್ರದ ವಾಷರ್‌ನದ್ದು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಎಂಜಿನ್ ಜೋರಾಗಿ ತಿರುಗಬೇಕು, ಡೀಸೆಲ್ ಗಾಳಿ ಇಲ್ಲದೆ ಬರಬೇಕು, ಒಳಗೆ ಕಂಪ್ರೆಷನ್ ಇರಬೇಕು. ಯಾವುದು ಕೈಕೊಟ್ಟಿದೆ ಎಂಬುದನ್ನು ಸೆಲ್ಫ್‌ನ ಸದ್ದು ಮತ್ತು ಸೈಲೆನ್ಸರ್‌ನ ಹೊಗೆ ಹೇಳುತ್ತವೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ದೂರ ನಿಂತು ಹೊಗೆ ನೋಡಲಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಆಮೇಲೆ ಒಂದು ನಿಮಿಷ ಬಿಡಿ. ಇಲ್ಲವಾದರೆ ಸೆಲ್ಫ್ ಮೋಟಾರ್ ಸುಟ್ಟು ಇನ್ನೊಂದು ಖರ್ಚು ಬರುತ್ತದೆ.

ಕಟ್ ಕಟ್ ಎಂದು ಸುಮ್ಮನಾದರೆ ಅಥವಾ ಎಂಜಿನ್ ನಿಧಾನಕ್ಕೆ ತಿರುಗಿದರೆ ಬ್ಯಾಟರಿ ಕಡೆಗೆ ಹೋಗಿ. ಹಾಗೆಂದು ನೇರ ಅಂಗಡಿಗೆ ಬೇಡ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್ ವೈರ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತಿಕ್ಕಿ, ಒಣಗಿಸಿ, ಬಿಗಿಯಾಗಿ ಕಟ್ಟಿ. ಅರ್ಥ್ ವೈರ್ ಚಾಸಿಗೆ ಸೇರುವ ಜಾಗವನ್ನು ಬಹಳಷ್ಟು ಜನ ನೋಡುವುದೇ ಇಲ್ಲ. ಅಲ್ಲಿ ತುಕ್ಕು, ಬಣ್ಣ ಇದ್ದರೆ ಉಜ್ಜಿ ತೆಗೆಯಿರಿ. ಮೀಟರ್ ಇದ್ದರೆ ಕೆಲಸ ಸುಲಭ: ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಸೆಲ್ಫ್ ಹೊಡೆದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಚಾರ್ಜ್ ಮಾಡಿಸಿ ಮತ್ತೆ ನೋಡಿ. 10ಕ್ಕಿಂತ ಮೇಲೇ ನಿಂತರೂ ಎಂಜಿನ್ ನಿಧಾನವಾಗಿದ್ದರೆ ತಪ್ಪು ವೈರಿನದ್ದು ಅಥವಾ ಸೆಲ್ಫ್‌ನದ್ದು. ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು.

ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಸೈಲೆನ್ಸರ್‌ನಲ್ಲಿ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಗಾಡಿ ಬಂದ್ ಮಾಡಲು ಎಳೆಯುವ ಕೇಬಲ್ ಪೂರ್ತಿ ಹಿಂದಕ್ಕೆ ಹೋಗಿದೆಯಾ ನೋಡಿ. ಹಳೇ ಗಾಡಿಯಲ್ಲಿ ಇದು ಧೂಳು, ತುಕ್ಕಿಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಪಂಪ್‌ನ ಹತ್ತಿರ ಲಿವರ್ ಅನ್ನು ಕೈಯಿಂದ ತಳ್ಳಿದರೆ ಗೊತ್ತಾಗುತ್ತದೆ. ಟ್ಯಾಂಕಿನ ಕಾಕ್ ತೆರೆದಿರಬೇಕು, ಬೌಲ್‌ನಲ್ಲಿ ನೀರು, ಕೆಸರು ಇದ್ದರೆ ಚೆಲ್ಲಬೇಕು.

ಇಷ್ಟಾದ ಮೇಲೆ ಉಳಿಯುವುದು ಏರ್. ಟ್ಯಾಂಕಿಗೆ ಡೀಸೆಲ್ ತುಂಬಿಸಿ, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಎರಡು ಫಿಲ್ಟರ್ ಇದ್ದರೆ ಎರಡಕ್ಕೂ, ಆಮೇಲೆ ಪಂಪ್‌ನ ಸ್ಕ್ರೂಗೆ ಇದೇ ಕೆಲಸ. ಆಗಲೂ ಹತ್ತದಿದ್ದರೆ ನಾಜಲ್ ಪೈಪಿನ ನಟ್ ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು ಬಿಗಿ ಮಾಡಬೇಕು. ಅಲ್ಲಿ ಕೈ, ಮುಖ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದರೆ ದಿನವೆಲ್ಲ ಓಡುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಈ ದೂರು ಇದ್ದರೆ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ದಾರಿಯನ್ನು ಮೊದಲು ಹುಡುಕಿ. ಅಲ್ಲಿ ಪಂಪ್ ಡೀಸೆಲನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಬಿರುಕು ಇದ್ದರೂ ಡೀಸೆಲ್ ಸೋರದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಟ್ಯಾಂಕ್ ತುಂಬಿದ್ದಾಗ ಸಲೀಸಾಗಿ ಹತ್ತುವ ಗಾಡಿ ತಳದಲ್ಲಿದ್ದಾಗ ಕಾಡಿದರೆ ಅನುಮಾನ ಇನ್ನೂ ಗಟ್ಟಿ. ಒಣಗಿ ಸೀಳಿದ ರಬ್ಬರ್ ಪೈಪು, ಒಮ್ಮೆ ಚಪ್ಪಟೆಯಾದ ವಾಷರ್ ಮತ್ತೆ ಹಾಕಬಾರದು. ಎಚ್‌ಎಂಟಿ ಟ್ರ್ಯಾಕ್ಟರ್ ಈಗ ತಯಾರಾಗುತ್ತಿಲ್ಲ. ಅದರ ಮಾಲೀಕರು ಹಳೇ ವಾಷರ್ ಜೇಬಿನಲ್ಲಿಟ್ಟುಕೊಂಡೇ ಸ್ಪೇರ್ಸ್ ಅಂಗಡಿಗೆ ಹೋಗುವುದು ಒಳ್ಳೆಯದು, ಅಳತೆ ನೋಡಿ ಕೊಡಬಹುದು.

ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೂ ಹೀಗೇ ಆದರೆ ರಿಂಗ್, ವಾಲ್ವ್, ನಾಜಲ್, ಟೈಮಿಂಗ್ ವಿಷಯ. ಅದು ಮೆಕ್ಯಾನಿಕ್ ಕೆಲಸ. ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಕೇಳಿ. ತಣ್ಣಗಿದ್ದಾಗ ಹತ್ತಿ, ಕಾದ ಮೇಲೆ ಹತ್ತದ ಗಾಡಿಯಲ್ಲಿ ಸೆಲ್ಫ್ ಅಥವಾ ಸವೆದ ಡೀಸೆಲ್ ಪಂಪ್ ಮೇಲೆ ಅನುಮಾನ ಪಡಬಹುದು. ಪಂಪ್‌ಗೆ ಕೈ ಹಾಕುವ ಹೊತ್ತು ಇದು.

ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಟರ್ಮಿನಲ್ ಕೂಡಿಸುವ ರೂಢಿ ಮಾತ್ರ ಬಿಡಿ. ನೆಲದ ಮೇಲೆ ದೊಡ್ಡ ಗಾಲಿಯ ಪಕ್ಕ ನಿಂತು ಹಾಗೆ ಮಾಡಿದಾಗ ಗಾಡಿ ಗೇರ್‌ನಲ್ಲಿದ್ದರೆ ಮೈಮೇಲೆಯೇ ಹತ್ತುತ್ತದೆ. ಏರ್ ಪೈಪಿಗೆ ಈಥರ್ ಸ್ಪ್ರೇ ಹೊಡೆಯುವುದೂ ಬೇಡ. ಹೀಟರ್ ಇರುವ ಎಂಜಿನ್‌ನಲ್ಲಿ ಅದು ಸ್ಫೋಟಿಸಬಹುದು. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಸುಮ್ಮನೆ 'ಸ್ಟಾರ್ಟ್ ಆಗ್ತಿಲ್ಲಣ್ಣ' ಎನ್ನದೆ, ಸೆಲ್ಫ್ ಹೆಂಗೆ ತಿರುಗ್ತದೆ, ಹೊಗೆ ಬರ್ತದೋ ಇಲ್ಲವೋ, ಯಾವ ಬಣ್ಣ, ಬೆಳಿಗ್ಗೆನಾ ಕಾದ ಮೇಲಾ ಎಂದು ಹೇಳಿ. ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ, ಇನ್ನೊಂದು ಸಲ ಪೇಟೆಗೆ ಓಡುವುದು ತಪ್ಪುತ್ತದೆ.